ಅಮಾವಾಸ್ಯೆಯ ದಿನದ ಟೀ

ಸತ್ತವರ ಫೋಟೋ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಮಲ್ಲಿಗೆ ಹಾರ, ಊದುಬತ್ತಿ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಶ್ರದ್ಧಾಂಜಲಿ ಅರ್ಪಿಸುವವರು: ಗೋವರ್ಧನ ಸಿಲ್ಕ್ಸ್, ಮೊಳಕಾಲ್ಮುರು.’ ಅದರ ಕೆಳಗೆ ಫೋನ್ ನಂಬರು. ನಂಬರಿನ ಪಕ್ಕದಲ್ಲಿ, ‘ಮದುವೆ ಸೀರೆಗಳಿಗೆ ವಿಶೇಷ ರಿಯಾಯಿತಿ.’

ಸರ್ಕಲ್ ಇನ್ಸ್‌ಪೆಕ್ಟರ್ ದೊಡ್ಡಪಾಲಯ್ಯ ಅದನ್ನು ಎರಡು ಸಲ ಓದಿದ.

“ಏನಯ್ಯಾ ಗೋವರ್ಧನ, ಸಾವಿಗೂ ಡಿಸ್ಕೌಂಟ್ ಇಟ್ಟಿದ್ದೀಯಾ?”

“ಅಯ್ಯೋ, ಅದು ಪ್ರಿಂಟಿಂಗ್‌ನೋರ ತಪ್ಪು ಸಾರ್. ಕೂತ್ಕಳ್ಳಿ. ಬಾದಾಮಿ ಹಾಲು ತರಿಸ್ಲಾ?”

“ನಿನ್ನ ಹಾಲು ನಿನ್ನ ಹತ್ರಾನೇ ಇರಲಿ. ಹಾರ ಹಾಕೋದಕ್ಕೆ ಮುಂಚೆ ಆ ಫೋಟೋನಾದ್ರೂ ಒರೆಸಬೇಕಿತ್ತು.”

ಗೋವರ್ಧನ ಹೆಗಲ ಮೇಲಿನ ಟವೆಲ್ಲಿನಿಂದ ಗಾಜು ಒರೆಸಿದ. ಬಾಯಿಗೆ ಬಂದ ಅಡಿಕೆ ರಸವನ್ನೂ ಅದೇ ಟವೆಲ್ಲಿನಿಂದ ಒರೆಸಿಕೊಂಡ.

ಫೋಟೋದಲ್ಲಿದ್ದವರು ಓಂಕಾರಮೂರ್ತಿ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಕಳೆದ ಅಮಾವಾಸ್ಯೆಯ ಮಧ್ಯಾಹ್ನ, ಚಳ್ಳಕೆರೆ ಹೊರಗೆ ಬಿಳಿಗುಡ್ಡ ಕ್ರಾಸಿನ ತಮ್ಮ ಮನೆಯಲ್ಲಿ ತಲೆ ಒಡೆದು ಸತ್ತುಬಿದ್ದಿದ್ದರು. ಹೆಣದ ಪಕ್ಕದಲ್ಲಿ ಮಗ್ಗದ ಲಾಳಿಯೊಂದು ಸಿಕ್ಕಿತು. ಲಾಳಿ ಮೊಳಕಾಲ್ಮುರಿನ ನೇಕಾರ ವೀರೇಶನದು. ಬಿಳಿಗುಡ್ಡ ಕ್ರಾಸ್ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಹನುಮಂತರಾಜು ಅಂದು ಸಂಜೆಯೇ ವೀರೇಶನನ್ನು ಎಳೆದು ತಂದು ಲಾಕಪ್ಪಿಗೆ ಹಾಕಿದ್ದ. ನಾಳೆ ಬೆಳಿಗ್ಗೆ ಮತ್ತೆ ಕೋರ್ಟು. ಅಷ್ಟರೊಳಗೆ ಬೇರೆ ದಾರಿ ಸಿಗದಿದ್ದರೆ ವೀರೇಶನ ಬದುಕು ಮುಗಿದಂತೆಯೇ. ಒಬ್ಬ ಕೊಲೆಗಾರ ಕೈಯಲ್ಲಿರುವಾಗ ಇನ್ನೊಬ್ಬನನ್ನು ಹುಡುಕುವ ಪೊಲೀಸಿನವನು ಈ ಇಲಾಖೆಯಲ್ಲಿ ಇನ್ನೂ ಹುಟ್ಟಿಲ್ಲ.

ಅಂಗಡಿಯ ಹೊರಗೆ ಜೀಪಿನಲ್ಲಿ ವೀರೇಶನ ತಾಯಿ ಬೋರಕ್ಕ ಕೂತಿದ್ದಳು. ಠಾಣೆಯ ಗೇಟಿನ ಮುಂದೆ ಬಿಸಿಲಲ್ಲಿ ಬಿದ್ದುಕೊಂಡಿದ್ದವಳನ್ನು ದೊಡ್ಡಪಾಲಯ್ಯನೇ ಹತ್ತಿಸಿಕೊಂಡು ಬಂದಿದ್ದ. ಡ್ರೈವರನನ್ನು ಕರೆತಂದಿರಲಿಲ್ಲ. ಡ್ರೈವರಿಗೆ ಕಿವಿ ಇರುತ್ತದೆ, ಕಿವಿಗೆ ಬಾಯಿ ಇರುತ್ತದೆ.

ದಾರಿಯುದ್ದಕ್ಕೂ ಅವಳು ಹೇಳಿದ್ದು ಒಂದೇ ಮಾತು.

“ಅಮಾಸೆ ದಿನ ಲಾಳಿಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟೆ ಸಾಮಿ. ಅಮಾಸೆ ದಿನ ಲಾಳಿ ಹೊಸ್ತಿಲು ದಾಟ್ತೈತಾ? ನಿಮ್ಮ ಸಾಹೇಬ್ರು ತೋರಿಸಿದ ಲಾಳಿಗೆ ಕುಂಕುಮಾನೇ ಇಲ್ಲ. ಅದು ನಮ್ದೇ, ಆದ್ರೆ ಹಳೇದು. ಶೆಡ್ಡಿನ ಮೂಲೇಲಿ ಬಿದ್ದಿತ್ತು. ಹೇಳಿದ್ರೆ ಆ ಹನುಮಂತರಾಜು ನಗ್ತಾನೆ.”

“ಮೇಷ್ಟ್ರ ಜೊತೆ ನಿನ್ನ ಮಗ ಜಗಳ ಆಡಿದ್ದು ನಿಜಾನಾ?”

“ಆಡಿದ. ಕ್ಯಾಮೆರಾ ಇಡ್ತೀನಿ ಅಂದಿದ್ದಕ್ಕೆ, ನಾವೇನು ಸರ್ಕಸ್ಸಿನ ಕೋತಿಗಳಾ ಅಂತ ಕೂಗಾಡಿದ. ಮಾರನೇ ದಿನ ಇಬ್ರೂ ಒಂದೇ ತಟ್ಟೇಲಿ ಮಂಡಕ್ಕಿ ತಿಂದ್ರು. ಅದನ್ನ ಯಾರೂ ಬರ್ಕಳಲ್ಲ.”

ಆ ಕ್ಯಾಮೆರಾದ ಕತೆ ದೊಡ್ಡಪಾಲಯ್ಯನಿಗೆ ಮೇಷ್ಟ್ರ ಬಾಯಿಂದಲೇ ಗೊತ್ತಾಯಿತು. ದಿನಾ ಬೆಳಿಗ್ಗೆ ಮೇಷ್ಟ್ರು ನೇಕಾರರ ವಾಟ್ಸಾಪ್ ಗುಂಪಿಗೆ ಇಂಟರ್ನೆಟ್ಟಿನ ಬಾಲ್ಯದ ಕತೆಯೊಂದನ್ನು ತಮ್ಮ ದನಿಯಲ್ಲೇ ಹೇಳಿ ಕಳಿಸುತ್ತಿದ್ದರು. ಜೀಪು ಓಡಿಸುತ್ತಾ ಅವನ್ನು ಒಂದೊಂದಾಗಿ ಕೇಳಿದ್ದ. ಸತ್ತವರ ದನಿ ಅಷ್ಟು ಉಲ್ಲಾಸದಿಂದ ಇರುವುದು ಅವನಿಗೆ ಸಹಿಸಲು ಆಗಲಿಲ್ಲ.

“ಸಾವಿರದ ಒಂಬೈನೂರ ಅರವತ್ತೊಂಬತ್ತನೇ ಇಸವಿ,” ಎನ್ನುತ್ತಿತ್ತು ದನಿ. “ಅಮೆರಿಕದಲ್ಲಿ ಒಂದೂರಿನ ಕಂಪ್ಯೂಟರಿನಿಂದ ಇನ್ನೊಂದೂರಿನ ಕಂಪ್ಯೂಟರಿಗೆ ‘ಲಾಗಿನ್’ ಅಂತ ಒತ್ತೋಕೆ ಹೋದ್ರು. ಎಲ್ ಹೋಯ್ತು, ಓ ಹೋಯ್ತು, ಅಷ್ಟೊತ್ತಿಗೆ ಆ ಕಡೇದು ಕೆಟ್ಟು ನಿಂತ್ಕಂತು. ಹಿಂಗಾಗಿ ಜಗತ್ತಿನ ಮೊದಲನೇ ಮೆಸೇಜು ‘ಲೋ’. ನಾವು ಗೆಳೆಯನ್ನ ಕರೆದಂಗೇ ಆಯ್ತು ನೋಡ್ರಪ್ಪಾ!”

ಹಿಂದಿನ ಸೀಟಿನಲ್ಲಿ ಬೋರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು.

ಇನ್ನೊಂದು ದಿನದ ಕತೆ ಇಂಗ್ಲೆಂಡಿನದು. ಕೇಂಬ್ರಿಡ್ಜಿನ ಒಂದು ಲ್ಯಾಬಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಪಾತ್ರೆ. ಬೇರೆ ಮಹಡಿಯವರು ಮೆಟ್ಟಿಲು ಹತ್ತಿ ಬಂದರೆ ಪಾತ್ರೆ ಖಾಲಿ. ತೊಂಬತ್ತೊಂದರಲ್ಲಿ ಅವರು ಪಾತ್ರೆಯ ಮುಂದೆ ಕ್ಯಾಮೆರಾ ನಿಲ್ಲಿಸಿ ಕೂತಲ್ಲಿಂದಲೇ ನೋಡತೊಡಗಿದರು. ಎರಡು ವರ್ಷ ಕಳೆದ ಮೇಲೆ ಅದನ್ನು ಇಂಟರ್ನೆಟ್ಟಿಗೆ ಬಿಟ್ಟರು. ಲೋಕದ ಜನ ಕಾಣದ ಊರಿನ ಕಾಫಿ ಪಾತ್ರೆಯನ್ನು ನೋಡುತ್ತಾ ಕೂತರು. ಅಂತಹ ಕ್ಯಾಮೆರಾಗಳಲ್ಲಿ ಅದೇ ಮೊದಲನೆಯದು.

“ಅವ್ರು ಕಾಫಿಗೆ ಮಾಡಿದ್ರು, ನಾವು ಟೀಗೆ ಮಾಡಾಣ,” ಎಂದು ಮೇಷ್ಟ್ರು ಮೊಳಕಾಲ್ಮುರಿನ ನೇಕಾರರ ಶೆಡ್ಡಿನ ಟೀ ಕೆಟಲ್ಲಿನ ಮುಂದೆ ಹಳೇ ಫೋನೊಂದನ್ನು ಕಟ್ಟಿದ್ದರು. ನಿಮಿಷಕ್ಕೊಂದು ಚಿತ್ರ ಅವರ ವೆಬ್ ಪುಟದಲ್ಲಿ ಬಂದು ಕೂರುತ್ತಿತ್ತು. ಕೆಟಲ್ ತುಂಬಿತೆಂದರೆ ಹಿಂದಿನ ಬೀದಿಯವರು ಲೋಟ ಹಿಡಿದು ಓಡಿ ಬರುತ್ತಿದ್ದರು.

ಅದು ತಮಾಷೆ. ತಮಾಷೆಯ ಹಿಂದೆಯೇ ಬಂದದ್ದು ತಮಾಷೆಯಲ್ಲ. ಕೆಟಲ್ಲಿನ ಮುಂದಿರುವ ಹಾಗೆಯೇ ಮಗ್ಗದ ಮುಂದೂ ಕ್ಯಾಮೆರಾ ಇಡೋಣ, ಸೀರೆ ಕೊಳ್ಳುವವರು ತಮ್ಮ ಸೀರೆಯನ್ನು ಯಾರು ನೇಯುತ್ತಿದ್ದಾರೆ ಎಂದು ಕಣ್ಣಾರೆ ನೋಡಲಿ ಎಂದಿದ್ದರು ಮೇಷ್ಟ್ರು. ಯುಗಾದಿಯ ಹೊತ್ತಿಗೆ ಶುರು ಮಾಡುವವರಿದ್ದರು.

ಆ ಮಾತು ಯಾರ ಹೊಟ್ಟೆಗೆ ಬೆಂಕಿ ಇಟ್ಟಿತು ಎಂದು ನೋಡಲು ದೊಡ್ಡಪಾಲಯ್ಯ ಈ ಅಂಗಡಿಗೆ ಬಂದಿದ್ದ.

ರಾಶಿಯಿಂದ ಒಂದು ಸೀರೆ ಎಳೆದ. ಹಸಿರು ಒಡಲು, ಕೆಂಪು ಅಂಚು. ಮೂಲೆಯಲ್ಲಿ ಕೈಮಗ್ಗದ ಚೀಟಿ.

“ಇದು ಯಾರು ನೇಯ್ದದ್ದು?”

“ಮಾರಯ್ಯ ಸಾರ್. ಬಂಗಾರದಂಥ ಕೈ.”

“ಇದು?”

“ಅದೂ ಮಾರಯ್ಯಂದೇ.”

“ಆ ನೀಲಿದು?”

ಗೋವರ್ಧನ ಸೀರೆಯ ಚೀಟಿ ತಿರುಗಿಸಿ ನೋಡಿದ. “ಮಾರಯ್ಯಾನೇ ಅನ್ಸುತ್ತೆ.”

“ಈ ರಾಶೀನೆಲ್ಲಾ ಮಾರಯ್ಯಾನೇ ನೇಯ್ದಿದ್ರೆ ಅವನಿಗೆ ಜರಿಹುಳಕ್ಕಿಂತ ಜಾಸ್ತಿ ಕೈ ಇರಬೇಕು. ಒಂದು ಸೀರೆಗೆ ಅವನು ಎಷ್ಟು ದಿನ ಕೂರ್ತಾನೆ ಅಂತ ನಂಗೆ ಗೊತ್ತಿಲ್ವಾ? ನಾನು ಇಲ್ಲೇ ಪಕ್ಕದ ರಾಂಪುರದೋನು ಕಣಯ್ಯಾ. ಹಿಂದಿನ ಶೆಡ್ಡಿನಲ್ಲಿ ದಡದಡ ಅಂತೈತಲ್ಲ, ಅದೇನು?”

“ಹಿಟ್ಟಿನ ಗಿರಣಿ ಸಾರ್.”

“ಹಿಟ್ಟಿನ ಗಿರಣೀಲಿ ರೇಷ್ಮೆ ನೂಲು ಒಳಗೆ ಹೋಗೋದನ್ನ ಇದೇ ಮೊದಲು ನೋಡಿದ್ದು. ನಾನು ಹಿತ್ತಲ ಕಡೆಯಿಂದಾನೇ ಬಂದೆ.”

ಗೋವರ್ಧನನ ನಗು ಅಲ್ಲೇ ಒಣಗಿತು.

ದೊಡ್ಡಪಾಲಯ್ಯನಿಗೆ ಕೊಲೆಗಾರರು ಹೊಸಬರಲ್ಲ. ಸಿಟ್ಟಿಗೆ ಕೊಡಲಿ ಎತ್ತಿದವರನ್ನು, ಹೆಣದ ಪಕ್ಕ ಕೂತು ಅತ್ತವರನ್ನು ಅವನು ಕಂಡಿದ್ದ. ಅವರ ಮೇಲೆ ಅವನಿಗೆ ಕೋಪ ಬರುತ್ತಿತ್ತು. ಹೇಸಿಗೆ ಬರುತ್ತಿದ್ದದ್ದು ಇಂಥವರ ಮೇಲೆ. ಯಂತ್ರದಲ್ಲಿ ನೇಯ್ದ ಬಟ್ಟೆಗೆ ಬಡವನ ಕೈಯ ಹೆಸರು ಅಂಟಿಸಿ, ಆ ಬಡವನಿಗೆ ಒಂದು ಲೋಟ ಟೀಯನ್ನೂ ಕೊಡಿಸದೆ, ಪುಕ್ಕಟೆ ಸಿಕ್ಕ ಹೆಣದ ಮೇಲೂ ಜಾಹೀರಾತು ಹಾಕುವವರು.

“ಕರೀದೇ ಬರೋ ಜಾಹೀರಾತು ಇಂಟರ್ನೆಟ್ಟಿನಲ್ಲಿ ಮೊದಲು ಬಂದದ್ದು ಯಾವಾಗ ಗೊತ್ತಾ?” ಎಂದು ಕೇಳಿದ.

“ಇಲ್ಲ ಸಾರ್.”

“ಎಪ್ಪತ್ತೆಂಟರಲ್ಲಿ. ಕಂಪ್ಯೂಟರ್ ಮಾರೋನೊಬ್ಬ ನಾನೂರು ಜನಕ್ಕೆ ಒಂದೇ ಸಲ ಕಳಿಸಿದ್ನಂತೆ. ಸಿಕ್ಕಾಪಟ್ಟೆ ಉಗಿಸಿಕೊಂಡ್ನಂತೆ. ಮೇಷ್ಟ್ರು ಆ ಕತೇನ ಗುಂಪಿಗೆ ಹೇಳಿದ ದಿನ, ಅದರ ಕೆಳಗೆ ನೀನು ಸೀರೆ ಜಾಹೀರಾತು ಹಾಕಿದ್ದೀಯ. ನಾಚಿಕೆ ಅನ್ನೋದು ನಿನ್ನ ಮನೆ ಹಾದೀಲಿ ಹಾದುಹೋಗಿಲ್ಲ. ಹೋಗ್ಲಿ, ಅಮಾಸೆ ಮಧ್ಯಾಹ್ನ ಎಲ್ಲಿದ್ದೆ?”

“ಹನುಮಂತರಾಜು ಸಾರ್‌ಗೆ ಎಲ್ಲಾ ಹೇಳೀನಿ.”

“ನನಗೆ ಹೇಳು.”

“ಇಲ್ಲೇ ಇದ್ದೆ. ಸರಿಯಾಗಿ ಎಷ್ಟೊತ್ತಿಗೆ ಎಲ್ಲಿ ಅಂದ್ರೆ ಹೆಂಗೆ ಹೇಳ್ಲಿ? ಮೇಷ್ಟ್ರೇ ಹೇಳ್ತಿದ್ರಲ್ಲ ಸಾರ್, ಮೊದಲನೇ ಇ-ಮೇಲ್ ಕಳಿಸಿದೋನಿಗೇ ತಾನು ಏನು ಬರೆದೆ ಅನ್ನೋದು ನೆನಪಿರಲಿಲ್ಲ ಅಂತ. ಅಂಥೋನೇ ಮರೆತ, ಇನ್ನು ನಾನು?”

“ಅವನು ಮರೆತಿದ್ದಕ್ಕೆ ಯಾರೂ ಜೈಲಿಗೆ ಹೋಗ್ಲಿಲ್ಲ ಕಣಲೇ!” ದೊಡ್ಡಪಾಲಯ್ಯ ಮೇಜು ಗುದ್ದಿದ. ಊದುಬತ್ತಿಯ ಬೂದಿ ಉದುರಿ ರಿಯಾಯಿತಿಯ ಮೇಲೆ ಬಿತ್ತು. “ಅಲ್ಲೊಬ್ಬ ಲಾಕಪ್ಪಿನಲ್ಲಿ ಬೆನ್ನು ಊದಿಸಿಕೊಂಡು ಬಿದ್ದವ್ನೆ. ನೆನಪು ಮಾಡ್ಕೊ.”

ಗೋವರ್ಧನ ನಿಧಾನವಾಗಿ ಫೋನ್ ತೆಗೆದ. ಅವನ ಮುಖಕ್ಕೆ ಮತ್ತೆ ಕಳೆ ಬಂತು. ತುರುಪಿನ ಎಲೆ ಇಟ್ಟುಕೊಂಡು ಕಾದವನ ಕಳೆ.

“ನಾನು ಹೇಳೋದು ಯಾಕೆ ಸಾರ್? ಕ್ಯಾಮೆರಾನೇ ಹೇಳ್ತೈತೆ.”

ಅದು ಮೇಷ್ಟ್ರ ಪುಟ. ಮೇಲೆ ಈ ಗಳಿಗೆಯ ಕೆಟಲ್. ಕೆಳಗೆ ಹಿಂದಿನ ದಿನಗಳ ಚಿತ್ರಗಳು. ಗೋವರ್ಧನ ಬೆರಳಿನಿಂದ ಜಾರಿಸಿ ಅಮಾವಾಸ್ಯೆಯ ತಾರೀಖಿಗೆ ಬಂದ. ಮಧ್ಯಾಹ್ನ ಮೂರು ಗಂಟೆ. ಚಿತ್ರ ತೆಗೆದು ದೊಡ್ಡದು ಮಾಡಿದ.

ಹಬೆಯಾಡುವ ಕೆಟಲ್. ಲೋಟಕ್ಕೆ ಟೀ ಬಗ್ಗಿಸುತ್ತಿರುವ ಒಂದು ಕೈ. ಬೆರಳಲ್ಲಿ ಹವಳದ ಉಂಗುರ.

ಗೋವರ್ಧನ ತನ್ನ ಕೈ ಮುಂದೆ ಚಾಚಿದ. ಅದೇ ಉಂಗುರ.

“ಮೇಷ್ಟ್ರು ಸತ್ತದ್ದು ಮೂರಕ್ಕೆ ಅಂತ ಡಾಕ್ಟ್ರು ಬರೆದವ್ರೆ. ಮೂರಕ್ಕೆ ನಾನು ಇಲ್ಲಿ ಟೀ ಕುಡೀತಿದ್ದೆ. ಇಲ್ಲಿಂದ ಬಿಳಿಗುಡ್ಡ ಕ್ರಾಸಿಗೆ ಹಾರಿಕೊಂಡು ಹೋಗ್ಲಾ? ಪಾಪ, ಅವ್ರು ಕಟ್ಟಿದ ಕ್ಯಾಮೆರಾನೇ ನನ್ನ ಮಾನ ಕಾಪಾಡ್ತು.”

ಕೊನೆಯ ಮಾತಿಗೆ ಫೋಟೋದ ಕಡೆ ತಿರುಗಿ ಕೈಮುಗಿದ. ಕಣ್ಣಲ್ಲಿ ನೀರನ್ನೂ ತಂದುಕೊಂಡ. ಒಳಚರಂಡಿಯ ಮುಚ್ಚಳ ತೆಗೆದಾಗ ಬರುವ ನಾತಕ್ಕಾದರೂ ಒಂದು ಪ್ರಾಮಾಣಿಕತೆ ಇರುತ್ತದೆ.

ದೊಡ್ಡಪಾಲಯ್ಯ ಫೋನನ್ನು ಅವನ ಕೈಯಿಂದ ಕಿತ್ತುಕೊಂಡು ಬೆಳಕಿನ ಕಡೆ ಹಿಡಿದ. ಹನುಮಂತರಾಜುವಿನ ವರದಿಯಲ್ಲಿ ‘ಕ್ಯಾಮೆರಾದಿಂದ ಖಚಿತವಾಗಿದೆ’ ಎಂದಷ್ಟೇ ಇತ್ತು. ಚಿತ್ರವನ್ನು ಅವನು ನೋಡುತ್ತಿರುವುದು ಈಗಲೇ.

ಕೆಟಲ್, ಕೈ, ಉಂಗುರ. ಎಲ್ಲರೂ ನೋಡಿದ್ದು ಅಷ್ಟನ್ನೇ. ದೊಡ್ಡಪಾಲಯ್ಯ ಕೆಟಲ್ಲಿನ ಹಿಂದಕ್ಕೆ ನೋಡಿದ. ಅಲ್ಲಿ ಮಸುಕಾಗಿ ಒಂದು ಮಗ್ಗ. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಒಬ್ಬ ಮುದುಕ. ಎಡಗೈ ಹಲಗೆಯ ಮೇಲೆ. ಬಲಗೈ ಲಾಳಿಯ ಹಗ್ಗ ಎಳೆದ ರಭಸಕ್ಕೆ ಚಿತ್ರದಲ್ಲಿ ಕದಡಿಹೋಗಿದೆ.

“ಇದು ಯಾರು?”

“ಮಾರಯ್ಯ ಸಾರ್. ಈಗಾದ್ರೂ ನಂಬ್ತೀರಾ, ಅವನು ದಿನಾ ನನಗೆ ನೇಯ್ತಾನೆ ಅಂತ?”

“ಏನ್ ಮಾಡ್ತವ್ನೆ?”

“ಮಗ್ಗದಲ್ಲಿ ಕೂತವ್ನೆ, ಇನ್ನೇನ್ ಮಾಡ್ತಾನೆ? ನೇಯ್ತವ್ನೆ.”

“ಅಮಾಸೆ ದಿನ?”

ಗೋವರ್ಧನ ಫೋನಿಗೆ ಕೈ ಚಾಚಿದ. ದೊಡ್ಡಪಾಲಯ್ಯ ಅದನ್ನು ಮೇಜಿನ ಮೇಲೆ ತನ್ನ ಕಡೆಗೆ ಇಟ್ಟುಕೊಂಡ.

ದೊಡ್ಡಪಾಲಯ್ಯ ಸಣ್ಣವನಿದ್ದಾಗ ಸೋದರತ್ತೆಯ ಮನೆಗೆಂದು ಈ ಬೀದಿಗೆ ಬರುತ್ತಿದ್ದ. ಉಳಿದ ದಿನ ಕಿವಿ ಕಿವುಡಾಗುವಷ್ಟು ಮಗ್ಗದ ಸದ್ದು. ಅಮಾವಾಸ್ಯೆ ಬಂತೆಂದರೆ ಬೀದಿಗೆ ಬೀದಿಯೇ ಉಸಿರು ಹಿಡಿದಂತೆ ಸುಮ್ಮನಾಗುತ್ತಿತ್ತು. ಅಂದು ಮಗ್ಗ ತೊಳೆದು, ಪೂಜೆ ಮಾಡಿ, ಮೇಲೆ ಮಡಿ ಬಟ್ಟೆ ಹೊದಿಸುತ್ತಿದ್ದರು. ಮನೆಯಲ್ಲಿ ಹಸಿವಿದ್ದರೂ, ಮದುವೆ ಸೀರೆಯ ಗಡುವಿದ್ದರೂ ಅಂದು ಯಾರೂ ಗುಂಡಿಗೆ ಕಾಲಿಳಿಸುತ್ತಿರಲಿಲ್ಲ. ಇವತ್ತಿಗೂ ಇಳಿಸುವುದಿಲ್ಲ.

“ಮಾರಯ್ಯ ಎಪ್ಪತ್ತು ದಾಟಿದ ಮುದುಕ. ಅಮಾಸೆ ದಿನ ಮಗ್ಗ ಮುಟ್ಟು ಅಂತ ಕುತ್ತಿಗೆಗೆ ಕತ್ತಿ ಇಟ್ರೂ ಮುಟ್ಟಲ್ಲ,” ಎಂದ ದೊಡ್ಡಪಾಲಯ್ಯ. ಈಗ ಅವನ ದನಿ ಏರಿರಲಿಲ್ಲ. “ಈ ಚಿತ್ರ ಬೇರೆ ಯಾವತ್ತಿನದೋ. ತಾರೀಖು ಮಾತ್ರ ಅಮಾಸೇದು ಹಾಕಿದಾರೆ. ನೀನು ನೇಕಾರನ ಮಗ ಅಲ್ವೇನಲೇ? ನಿಮ್ಮಪ್ಪ ಇದೇ ಗುಂಡೀಲಿ ಕೂತು ನಿನಗೆ ಅನ್ನ ಹಾಕ್ಲಿಲ್ವಾ? ಅಮಾಸೆ ಹೆಂಗೆ ಮರೆತೆ?”

ಹಿಂದಿನ ಶೆಡ್ಡಿನಲ್ಲಿ ದಡದಡ ನಡೆದೇ ಇತ್ತು.

“ನಾನೇ ಹೇಳ್ತೀನಿ ಹೆಂಗೆ ಅಂತ. ನಿನ್ನ ಮಿಷನ್ನಿಗೆ ಅಮಾಸೆ ಇಲ್ಲ, ಹುಣ್ಣಿಮೆ ಇಲ್ಲ. ಅವು ಓಡ್ತಾನೇ ಇರ್ತವೆ. ಅದರ ಜೊತೆ ಇದ್ದೂ ಇದ್ದೂ, ಮನುಷ್ಯರ ಮಗ್ಗ ನಿಲ್ಲೋ ದಿನ ಒಂದೈತೆ ಅನ್ನೋದೇ ನಿನಗೆ ಮರೆತುಹೋಗೈತೆ. ಥೂ!”

ಗೋವರ್ಧನ ಕುರ್ಚಿಗೆ ಕುಸಿದ. ಟವೆಲ್ಲು ಬಾಯಿಗೆ ಹೋಯಿತು, ಕಣ್ಣಿಗೆ ಹೋಯಿತು, ಕುತ್ತಿಗೆಗೆ ಹೋಯಿತು.

“ನಾನು ಕೊಂದಿಲ್ಲ ಸಾರ್. ನಮ್ಮವ್ವನಾಣೆ.”

“ಸತ್ತೋರ ಫೋಟೋದಲ್ಲಿ ಸೀರೆ ಮಾರೋನು ನೀನು. ನಿಮ್ಮವ್ವನಾಣೆ ಯಾವ ಲೆಕ್ಕ?”

“ಕೊಂದಿಲ್ಲ ಸಾರ್! ಆವತ್ತು ಎಲ್ಲಿದ್ದೆ ಅಂತ ಬಾಯಿ ಬಿಟ್ರೆ ನನ್ನ ಹೆಣ ಬೀಳ್ತೈತೆ. ಅದಕ್ಕೇ ಈ ಚಿತ್ರಕ್ಕೆ ಒಪ್ಕೊಂಡೆ.”

“ಒಪ್ಕೊಂಡೆ ಅಂದ್ರೆ? ಯಾರೋ ಮಾಡಿಕೊಟ್ರಾ?”

ಗೋವರ್ಧನನ ಕಣ್ಣು ಮೇಜಿನ ಮೇಲಿದ್ದ ಫೋನಿನ ಮೇಲೆಯೇ ಇತ್ತು. ದೊಡ್ಡಪಾಲಯ್ಯನೂ ಅತ್ತ ನೋಡಿದ. ಪುಟ ತನ್ನಷ್ಟಕ್ಕೆ ಮೇಲಕ್ಕೆ ಬಂದಿತ್ತು. ಈ ಗಳಿಗೆಯ ಕೆಟಲ್ ಕಾಣುತ್ತಿತ್ತು. ನೋಡನೋಡುತ್ತಿದ್ದಂತೆ ಚಿತ್ರ ಬದಲಾಯಿತು. ಯಾರೋ ಮುಚ್ಚಳ ತೆಗೆದಿದ್ದರು.

ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲಿಲ್ಲ. ಚಳ್ಳಕೆರೆಯಲ್ಲಿದ್ದ ಮೇಷ್ಟ್ರ ಮಗಳು ರಶ್ಮಿತಾಳಿಗೆ ಫೋನ್ ಮಾಡಿದ.

“ಏನಮ್ಮಾ, ನಿಮ್ಮಪ್ಪನ ಟೀ ಪುಟ ಎಲ್ಲಿಂದ ನಡೀತೈತೆ?”

“ಈಗ ನಡಿಯಲ್ಲ ಸಾರ್,” ಎಂದಳು ರಶ್ಮಿತಾ. “ಅದು ಅಪ್ಪನ ಕಂಪ್ಯೂಟರಿನಲ್ಲೇ ಇತ್ತು. ಸಿಮ್ ಹಾಕಿರೋ ಡಾಂಗಲ್ ಚುಚ್ಚಿಟ್ಟಿದ್ರು. ಕಂಪ್ಯೂಟರ್ ಆಫ್ ಆದ್ರೆ ಪುಟ ಸತ್ತಂಗೆ. ಅದಕ್ಕೇ ಅದರ ಮೇಲೆ ಚೀಟಿ ಅಂಟಿಸಿದ್ರು, ಯಾರೂ ಆಫ್ ಮಾಡಬೇಡಿ ಅಂತ. ಜಗತ್ತಿನ ಮೊದಲನೇ ವೆಬ್‌ಸೈಟ್ ಇದ್ದ ಕಂಪ್ಯೂಟರಿಗೂ ಕೆಂಪು ಇಂಕಿನಲ್ಲಿ ಹಂಗೇ ಬರೆದು ಅಂಟಿಸಿದ್ರಂತೆ. ಯಾರಾದ್ರೂ ಗೊತ್ತಿಲ್ದೆ ಸ್ವಿಚ್ ಒತ್ತಿದ್ರೆ ಲೋಕದ ಪೂರಾ ವೆಬ್ಬೇ ಮುಗೀತಿತ್ತು ಅಂತ ಅಪ್ಪ ನಗೋರು.”

“ಬೇರೆ ಊರಲ್ಲಿ ಕೂತು ಆ ಪುಟದ ತಾರೀಖು ಬದಲಾಯಿಸಬಹುದಾ?”

“ಆಗಲ್ಲ ಸಾರ್. ಹೊರಗಿನೋರು ಕೈ ಹಾಕದಂಗೆ ಮಾಡಿದ್ರು. ಆ ಕಂಪ್ಯೂಟರ್ ಮುಂದೆ ಕೂತೇ ಮಾಡಬೇಕು.”

“ಕಂಪ್ಯೂಟರ್ ಈಗ ಎಲ್ಲೈತೆ?”

“ನಿಮ್ಮ ಹತ್ರಾನೇ ಐತಲ್ಲ ಸಾರ್. ಅಪ್ಪ ಹೋದ ಸಂಜೆನೇ ಹನುಮಂತರಾಜು ಸಾರ್ ಡಾಂಗಲ್ ಸಮೇತ ಸೀಲ್ ಮಾಡಿ ಠಾಣೆಗೆ ತಗೊಂಡು ಹೋದ್ರು. ಕೋರ್ಟಿನ ಅಪ್ಪಣೆ ಇಲ್ದೆ ಸೀಲ್ ಒಡೆಯಲ್ಲ ಅಂದ್ರು.”

ದೊಡ್ಡಪಾಲಯ್ಯ ಫೋನ್ ಇಟ್ಟ. ಮೇಜಿನ ಮೇಲೆ ಕೆಟಲ್ಲಿನ ಚಿತ್ರ ಮತ್ತೊಮ್ಮೆ ಬದಲಾಯಿತು. ಸೀಲಾಗಿರಬೇಕಾದ ಕಂಪ್ಯೂಟರು ಇದೇ ಗಳಿಗೆಯಲ್ಲಿ ಓಡುತ್ತಿದೆ. ತಾರೀಖು ಬದಲಾಯಿಸಲು ಅದರ ಮುಂದೆ ಕೂತವನು ಖಾಕಿ ತೊಟ್ಟವನೇ.

ಇಷ್ಟು ಹೊತ್ತೂ ದೊಡ್ಡಪಾಲಯ್ಯ ಗೋವರ್ಧನನನ್ನು ನೋಡಿ ಹೇಸಿಕೊಂಡಿದ್ದ. ಈಗ ತನ್ನ ಮೈಮೇಲಿನ ಬಟ್ಟೆಯೇ ನಾರುತ್ತಿದೆ ಅನ್ನಿಸಿತು.

“ಹನುಮಂತರಾಜುನಾ?” ಎಂದ.

ಗೋವರ್ಧನ ಎದ್ದು ಬಂದು ಇನ್ಸ್‌ಪೆಕ್ಟರನ ಎರಡೂ ಕೈ ಹಿಡಿದುಕೊಂಡ.

“ನನ್ನ ಹೆಸರು ಎತ್ತಬೇಡಿ ಸಾರ್. ನಾನು ಬರೀ ಸೀರೆ ಮಾರೋನು. ನೀವು ಇಲ್ಲಿಗೆ ಬಂದದ್ದು ಅವರಿಗೆ ಆಗ್ಲೇ ಗೊತ್ತಾಗೈತೆ. ಜೀಪು ಕಂಡ ತಕ್ಷಣ ನಾನೇ ಹೆದರಿಕೊಂಡು ಫೋನ್ ಮಾಡಿದೆ.”

ದೊಡ್ಡಪಾಲಯ್ಯ ಕೈ ಕೊಡವಿಕೊಂಡ. ಕೊಡವಿದ ರಭಸಕ್ಕೆ ಗೋವರ್ಧನ ಸೀರೆ ರಾಶಿಯ ಮೇಲೆ ಬಿದ್ದ. ಅವನನ್ನು ಎತ್ತುವ ಗೋಜಿಗೆ ಹೋಗದೆ ಬಿಳಿಗುಡ್ಡ ಕ್ರಾಸ್ ಠಾಣೆಯ ನಂಬರು ಒತ್ತಿದ.

ಎತ್ತಿದವಳು ಮಹಿಳಾ ಪೇದೆ ಸೌಂದರ್ಯ.

“ಲಾಕಪ್ ನೋಡಮ್ಮಾ. ವೀರೇಶ ಒಳಗೆ ಅವ್ನಾ?”

“ಇಲ್ಲ ಸಾರ್. ಈಗ ಸ್ವಲ್ಪ ಹೊತ್ತಿಗೆ ಮುಂಚೆ ಪಿಎಸ್ಐ ಹನುಮಂತರಾಜು ಸಾಹೇಬ್ರು ಕರ್ಕೊಂಡು ಹೋದ್ರು. ಸ್ಥಳ ಮಹಜರು ಮಾಡಬೇಕು ಅಂದ್ರು.”

“ಯಾವ ಸ್ಥಳ? ಕೊಲೆ ಆದದ್ದು ಮನೇಲಿ. ಮನೆ ನಿಮ್ಮ ಠಾಣೆ ಹಿಂದಿನ ಬೀದೀಲಿ ಐತೆ!”

“ಆ ಕಡೆ ಹೋಗ್ಲಿಲ್ಲ ಸಾರ್.” ಸೌಂದರ್ಯಾಳ ದನಿ ಇಳಿಯಿತು. “ಜೀಪು ಉಳ್ಳಾರ್ತಿ ಕಾವಲ್ ಕಡೆ ತಿರುಗ್ತು. ಪಂಚರನ್ನ ಕರೀಲಿಲ್ಲ. ಡ್ರೈವರ್ ಬರ್ತೀನಿ ಅಂದ್ರೂ ಬೇಡ ಅಂದ್ರು. ಮತ್ತೆ... ಸಾರ್, ಬೇಡಿ ಬಿಚ್ಚಿದ್ರು.”

“ಏನು?” ದೊಡ್ಡಪಾಲಯ್ಯ ಕಿರುಚಿದ. “ವೀರೇಶನ ಬೇಡಿ ಬಿಚ್ಚಿ ಕರ್ಕೊಂಡು ಹೋದ್ನಾ?”

ಉಳ್ಳಾರ್ತಿ ಕಾವಲ್ ಎಂದರೆ ಕಣ್ಣು ಹಾಯುವವರೆಗೂ ಹುಲ್ಲು. ಮರವಿಲ್ಲ, ಮನೆಯಿಲ್ಲ, ಕೂಗಿದರೆ ಓ ಎನ್ನುವವರಿಲ್ಲ. ಬೇಡಿ ಹಾಕಿದವನು ಓಡಿದ ಎಂದರೆ ಯಾವ ನ್ಯಾಯಾಧೀಶರೂ ನಂಬುವುದಿಲ್ಲ. ಬೇಡಿ ಇಲ್ಲದವನು ಓಡಿದ, ಗುಂಡು ಹಾರಿಸಬೇಕಾಯಿತು ಎಂದು ಬರೆಯಬಹುದು. ಹೀಗೆ ಬರೆದದ್ದನ್ನು ಅವನು ಈ ಇಲಾಖೆಯಲ್ಲಿ ಓದಿದ್ದ.

ತಿರುಗಿ ಓಡಲು ನೋಡಿದರೆ ಬಾಗಿಲಲ್ಲಿ ಬೋರಕ್ಕ ನಿಂತಿದ್ದಳು. ಕೂಗಾಟ ಕೇಳಿ ಜೀಪಿನಿಂದ ಇಳಿದು ಬಂದಿದ್ದಳು. ಅವನ ಕೊನೆಯ ಮಾತು ಪೂರಾ ಅವಳ ಕಿವಿಗೆ ಬಿದ್ದಿತ್ತು.

ಸುಕ್ಕುಗಟ್ಟಿದ ಮುಖ ಅರಳಿತು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಅವನ ಬೂಟು ಮುಟ್ಟಿದಳು.

“ಬೇಡಿ ಬಿಚ್ಚಿದ್ರಾ ಸಾಮಿ? ದೇವುಡಾ, ನನ್ನ ಮಗನ್ನ ಬಿಟ್ರಾ? ನಿಮ್ಮ ಹೊಟ್ಟೆ ತಣ್ಣಗಿರಲಿ. ನಡೀರಿ, ಕರ್ಕೊಂಡು ಬರಾಣ.”

ದೊಡ್ಡಪಾಲಯ್ಯ ಅವಳ ತೋಳು ಹಿಡಿದು ಎತ್ತಿದ. ಮುಖ ನೋಡಲಿಲ್ಲ.

“ಜೀಪು ಹತ್ತು,” ಎಂದ.